ಏಳನೇ ನಂಬರಿನ ಬಿರಡೆ

ಶನಿವಾರ ಮಧ್ಯಾಹ್ನ ನಾಲ್ಕು ಹೊಡೆಯುವ ಹೊತ್ತಿಗೆ ಟೈಟಸ್ ಹೋಲ್ಡನ್ ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಬಿಸಿ ಮಾಂಸದ ಪೈ ಹಿಡಿದುಕೊಂಡು ಪಕ್ಕದ ಮನೆಯಿಂದ ಬರುತ್ತಾನೆ. ಮೂವತ್ತಮೂರು ವರ್ಷದಿಂದ ಒಂದು ವಾರವೂ ತಪ್ಪಿಲ್ಲ. ಯುದ್ಧದ ಕಾಲದಲ್ಲಿ ಮಾಂಸಕ್ಕೆ ರೇಷನ್ ಬಿದ್ದು ಪೈಯ ಹೊಟ್ಟೆಯಲ್ಲಿ ಬರೀ ಆಲೂಗಡ್ಡೆ ಇರುತ್ತಿತ್ತು. ಆಗಲೂ ಪೈ ಬಂತು. ಅವನ ತಾಯಿ ತೀರಿಕೊಂಡ ವಾರ, ಶವಪೆಟ್ಟಿಗೆ ಇನ್ನೂ ಮುಂದಿನ ಕೋಣೆಯಲ್ಲಿರುವಾಗಲೇ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಪೈ ತಂದ. ಅದನ್ನು ತಿನ್ನಬೇಕಾದವನು ಜೋನಸ್ ಗ್ರಿಮ್‌ಶಾ. ಎಪ್ಪತ್ತನಾಲ್ಕರ ಮುದುಕ, ಮಂಡಿ ಎರಡೂ ಕೈಕೊಟ್ಟಿವೆ. ಬೀದಿಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಪಕ್ಕದ ಮನೆಯ ಬಾಗಿಲು ಕಿರ್ ಎಂದ ಕೂಡಲೇ, ಇವತ್ತೂ ಬಂದನಲ್ಲ ಎಂದು ಮುಖ ಆಚೆ ತಿರುಗಿಸುತ್ತಾನೆ. ಪೈ ಚೆನ್ನಾಗಿಲ್ಲವೆಂದಲ್ಲ, ಹ್ಯಾಸಲ್‌ಡೆನ್ ಊರಿನಲ್ಲೇ ಅಂಥ ಪೈ ಇಲ್ಲ. ಬೇಡ ಎನ್ನಲು ಇವನಿಗೆ ಬಾಯಿಲ್ಲ, ಅಷ್ಟೆ.

"ಅದು ನಿನ್ನ ಗಂಟಲಲ್ಲಿ ಹೆಂಗೆ ಇಳಿಯುತ್ತೆ ಅಂತ?" ಎಂದು ಹೆಂಡತಿ ಐವಿ ಒಮ್ಮೆ ಕೇಳಿದ್ದಳು. ಅವಳಿಗೆ ವಿಷಯ ಗೊತ್ತಿತ್ತು. ಇಡೀ ಊರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ, "ಅವನಿಗೆ ಹೇಳ್ಬಿಡು ಜೋನಸ್" ಎಂದಳು. ಹೇಳುತ್ತೇನೆ ಎಂದು ಮಾತು ಕೊಟ್ಟ. ಅದಾಗಿ ಆರು ವರ್ಷ, ಅಂದರೆ ಮುನ್ನೂರು ಚಿಲ್ಲರೆ ಪೈ.

ಆ ಶನಿವಾರ ಟೈಟಸನ ಬೆನ್ನಿಗೇ ಶಾಲೆಯ ಡಕ್‌ವರ್ತ್ ಮೇಷ್ಟ್ರೂ ಬಂದರು. ಹಳೆಯ ಯಂತ್ರಗಳ ಹುಚ್ಚು ಹಿಡಿದ ಮನುಷ್ಯ. ಟಾರು ಕುದಿಸುವ ಅಂಗಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಉಗಿ ಲಾರಿಯನ್ನು ಎಳೆದು ತಂದು, ತಮ್ಮಂಥದೇ ಹುಚ್ಚಿನ ನಾಲ್ಕು ಜನರನ್ನು ಕಟ್ಟಿಕೊಂಡು ನಾಲ್ಕು ವರ್ಷ ಉಜ್ಜಿ ತಿಕ್ಕಿ ಜೀವ ಬರಿಸಿದ್ದರು. ಅದು ಗಿರಣಿ ಸಾಗಣೆ ಯಾರ್ಡಿನ ಏಳನೇ ನಂಬರು. ಜೋನಸ್ ಡ್ರೈವರ್, ಟೈಟಸ್ ಬೆಂಕಿ-ನೀರು ನೋಡಿಕೊಳ್ಳುವ ಫೈರ್‌ಮನ್ ಆಗಿ ಹನ್ನೊಂದು ವರ್ಷ ಜೊತೆಯಲ್ಲಿ ಓಡಿಸಿದ ಲಾರಿ.

"ಗ್ರಿಮ್‌ಶಾ ಅವರೇ, ಉಗಿ ಎದ್ದಿದೆ!" ಎಂದು ಮೇಷ್ಟ್ರು ಬಾಗಿಲಲ್ಲೇ ಕೂಗಿದರು. "ಚರ್ಚಿನ ವಿಟ್ ಹಬ್ಬದ ಶುಕ್ರವಾರ ಮೆರವಣಿಗೆ ಮುಂದೆ ನಮ್ಮ ಲಾರೀನೇ. ಓಡಿಸೋದು ನೀವು. ಇಲ್ಲ ಅನ್ನಂಗಿಲ್ಲ, ಪಾದ್ರಿಗಳೂ ಒಪ್ಪಿದ್ದಾರೆ, ಬ್ಯಾಂಡಿನವರೂ ಒಪ್ಪಿದ್ದಾರೆ."

"ಮಂಡಿ—" ಎಂದ ಜೋನಸ್.

"ನಾವು ಎತ್ತಿ ಕೂರಿಸ್ತೀವಿ. ಹೋಲ್ಡನ್ ಅವರೇ, ನೀವು ಫೈರ್‌ಮನ್. ಹಳೇ ಜೋಡಿ!"

ಟೈಟಸ್ ತಟ್ಟೆಗೆ ಪೈ ಹಾಕುತ್ತಿದ್ದವನು ಕೈ ತಡೆದ. ಅವನ ಮುಖದ ಎಡಗಡೆ, ಎರಡೂ ಮುಂಗೈ, ಸುಟ್ಟು ಮಾಗಿದ ನುಣುಪು ಚರ್ಮ. "ನಾನಾ? ಬೇಡಿ ಮೇಷ್ಟ್ರೇ. ಬಾಯ್ಲರಿನ ನೀರಿನ ಗಾಜು ನೋಡೋ ಯೋಗ್ಯತೆ ನಂದಲ್ಲ ಅಂತ ಯಾವಾಗ್ಲೋ ತೀರ್ಮಾನ ಆಗಿದೆ. ಮಕ್ಕಳು ಮರಿ ಇರ್ತಾರೆ. ನಾನು ದೂರ ನಿಂತು ನೋಡ್ತೀನಿ, ಸಾಕು."

ಒಳ್ಳೆಯ ಮನುಷ್ಯನಿಗೆ ಮಾತು ತೋಚದೆ ಹೋದರೆ ಅನಾಹುತವೇ. ಮೇಷ್ಟ್ರು ಚೀಲದಿಂದ ಕಾಗದ ಸುತ್ತಿದ ಒಂದು ಕಟ್ಟು ತೆಗೆದು, ಬಿಚ್ಚಿ ಮೇಜಿನ ಮೇಲಿಟ್ಟರು. "ನೋಡಿ, ಯಾರ್ಡು ಕೆಡವೋವಾಗ ಇದನ್ನ ಉಳಿಸ್ದೆ. ಲಾರಿಯೊಳಗೆ ನೇತುಹಾಕೋಣ ಅಂತ. ಬೇಜಾರಾಗೋದಾದ್ರೆ ಬೇಡ."

ಓಕ್ ತೊಲೆಯಿಂದ ಕೊಯ್ದ ಹಲಗೆಯ ತುಂಡು. ಅದರ ಮೇಲೆ ಹೆಬ್ಬೆರಳ ಗಾತ್ರದ ಒಂದು ಕಂಚಿನ ಬಿರಡೆ, ನಡುವೆ ತೂತು. ಕೆಳಗೆ ಬಿಳಿ ಬಣ್ಣದಲ್ಲಿ ಯಾರ್ಡಿನ ಮೇಸ್ತ್ರಿಯ ಕೈಬರಹ: ಟಿ. ಹೋಲ್ಡನ್, ಜೂನ್ ೧೯೨೮.

ಜೋನಸನ ಕೈ ಟೀ ಲೋಟದ ಮೇಲೆಯೇ ಉಳಿಯಿತು. ಟೈಟಸ್ ಮಾತ್ರ ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದ. "ಬೇಜಾರೇನು ಬಂತು? ಇದ್ದದ್ದೇ ಬರೆದಿದ್ದಾರೆ. ಹಾಕಿ ಮೇಷ್ಟ್ರೇ, ಮುಂದೆ ಓಡ್ಸೋರಿಗೆ ಬುದ್ಧಿ ಬರ್ಲಿ. ಜೋನಸ್, ಪೈ ಆರ್ತಿದೆ ಕಣೋ, ತಿನ್ನು."

ಜೋನಸ್ ತಿಂದ.

ಆ ರಾತ್ರಿಯೂ ಮರುದಿನವೂ ಅವನ ತಲೆಯಲ್ಲಿ ಏಳನೇ ನಂಬರು ಓಡುತ್ತಲೇ ಇತ್ತು. ಎಂಥ ದಿನಗಳು ಅವು! ಲಿವರ್‌ಪೂಲ್ ಬಂದರಿನಲ್ಲಿ ಹತ್ತಿಯ ಬೇಲುಗಳನ್ನು ಮನೆಯೆತ್ತರ ಹೇರಿಕೊಂಡು, ಕಲ್ಲು ಹಾಸಿದ ರಸ್ತೆಯ ಮೇಲೆ ಗಟ್ಟಿ ರಬ್ಬರಿನ ಚಕ್ರ ಉರುಳಿಸುತ್ತಾ ಬಂದರೆ ಹಲ್ಲಿನ ಜೊತೆಗೆ ಹಲ್ಲಿನ ಬೇರೂ ಅದುರುತ್ತಿತ್ತು. ಮುಂದೆ ಬಾಯ್ಲರಿನ ಧಗೆಯಲ್ಲಿ ಎದೆ ಬೇಯುತ್ತಿದ್ದರೆ ಹಿಂದೆ ಬೆನ್ನು ಹೆಪ್ಪುಗಟ್ಟುತ್ತಿತ್ತು. ಸೋಮವಾರ ಬಟ್ಟೆ ಒಗೆದು ಹರವಿದ ಬೀದಿಗೆ ಹೊಕ್ಕರಂತೂ ಮುಗಿಯಿತು. ಹೆಂಗಸರು ಪೊರಕೆ ಹಿಡಿದು ಹೊರಗೆ ಬಂದು ಇಬ್ಬರ ವಂಶವನ್ನೂ ಜಾಲಾಡಿಬಿಡುತ್ತಿದ್ದರು. ಟೈಟಸ್ ಟೋಪಿ ತೆಗೆದು, "ಅಮ್ಮಾ ತಾಯಿ, ಮಸಿ ಅಲ್ಲಮ್ಮಾ ಇದು, ಒಳ್ಳೇ ಕಲ್ಲಿದ್ದಿಲು, ಬಟ್ಟೆಗೆ ತಾಕತ್ತು ಬರುತ್ತೆ" ಎಂದು ಅವರ ಕೈಯಲ್ಲಿ ಇನ್ನಷ್ಟು ಬೈಸಿಕೊಳ್ಳುತ್ತಿದ್ದ.

ಬೆಳಗಿನ ತಿಂಡಿ ಸಲಿಕೆಯ ಮೇಲೆ. ಬಾಯ್ಲರಿನ ಬಿಸಿನೀರಲ್ಲಿ ಸಲಿಕೆ ತೊಳೆದು, ಅದರ ಮೇಲೆ ಹಂದಿಮಾಂಸದ ಪಟ್ಟಿಯನ್ನಿಟ್ಟು, ಮೊಟ್ಟೆ ಒಡೆದು, ಬೆಂಕಿಬಾಗಿಲೊಳಗೆ ಹಿಡಿದರೆ ಮೂರು ನಿಮಿಷ. ಅಂಥ ರುಚಿಯನ್ನು ಐವಿಗೆ ಹಂಚಿನಲ್ಲಿ ಎಂದೂ ತರಲಾಗಲಿಲ್ಲ, ಪಾಪ. ದಾರಿಯಲ್ಲಿ ನೀರು ಬೇಕಾದಾಗ ಹಳ್ಳದ ಪಕ್ಕ ನಿಲ್ಲಿಸಿ, ಕೊಳವೆಯ ಬಾಯಿಗೆ ಗೋಣಿ ಕಟ್ಟಿ ಒಳಗೆ ಬಿಡುವುದು. ಯಾವ ಹಳ್ಳದ ನೀರು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಟೈಟಸನಿಗೆ ಬಾಯಿಪಾಠ. ಬಣ್ಣದ ಗಿರಣಿಯ ಕೆಳಗಿನ ನೀರು ಕುಡಿದರೆ ಬಾಯ್ಲರು ನೊರೆ ಕಾರುತ್ತದೆ. ಗುಡ್ಡದ ಮೇಲಿನ ಕಪ್ಪು ನೀರಲ್ಲಿ ಕೆಸರು. ಪಂಪಿನ ಸದ್ದು ಕೇಳಿಯೇ ನೀರು ಒಳಗೆ ಹೋಗುತ್ತಿದೆಯೋ ಇಲ್ಲವೋ ಹೇಳುತ್ತಿದ್ದ. ಅಂಥ ಫೈರ್‌ಮನ್ ಇಡೀ ಯಾರ್ಡಿನಲ್ಲಿ ಇನ್ನೊಬ್ಬನಿರಲಿಲ್ಲ. ಜೋನಸ್ ಇದನ್ನು ಆಗ ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಹೇಳುವುದನ್ನು ಬಿಟ್ಟ.

ಬಾಯ್ಲರಿನ ಮೈಗೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗಿನ ನೀರಿನ ಮಟ್ಟ ಅದರಲ್ಲಿ ಕಾಣಬೇಕು. ಅರ್ಧ ಇದ್ದರೆ ಗೆರೆ ಕಾಣುತ್ತದೆ, ಯೋಚನೆಯಿಲ್ಲ. ತೊಂದರೆ ಬರುವುದು ಗೆರೆಯೇ ಕಾಣದಿದ್ದಾಗ. ಪೂರ್ತಿ ತುಂಬಿದ ಗಾಜೂ ಪೂರ್ತಿ ಖಾಲಿಯಾದ ಗಾಜೂ ನೋಡಲು ಒಂದೇ, ಎರಡೂ ಪಳಪಳ ತಿಳಿ. ಅದಕ್ಕೇ ಕೆಳಗಿನ ತಿರುಪು ತೆರೆದು ಊದಿಸಿ ನೋಡಬೇಕು. ಮುಚ್ಚಿದ ಮೇಲೆ ನೀರು ಮತ್ತೆ ಏರಿದರೆ ಇದೆ, ಬರೀ ಉಗಿ ಬುಸುಗುಟ್ಟಿದರೆ ಇಲ್ಲ. ಇಲ್ಲದಿದ್ದರೆ ಬೆಂಕಿಯ ಮೇಲಿನ ತಗಡು ಬರಿದಾಗಿ, ಅಲ್ಲಿ ಕೂರಿಸಿದ ಬಿರಡೆಯ ಸೀಸ ಕರಗಿ, ಉಗಿಯೂ ಕುದಿನೀರೂ ಬೆಂಕಿಯ ಮೇಲೆ ನುಗ್ಗುತ್ತವೆ. ಬಾಯ್ಲರು ಸಿಡಿಯದಿರಲಿ ಎಂದು ಮಾಡಿದ ಉಪಾಯ ಅದು. ಆದರೆ ಬಿರಡೆ ಕರಗಿಸಿದವನ ಮಾನ ಉಳಿಯುತ್ತಿರಲಿಲ್ಲ. ಯಾರ್ಡಿನ ಊಟದ ಕೋಣೆಯ ತೊಲೆಗೆ ಆ ಬಿರಡೆ ಬಡಿದು, ಕೆಳಗೆ ಅವನ ಹೆಸರು ಬರೆಯುವುದು ಪದ್ಧತಿ. ಉಣ್ಣುವವರೆಲ್ಲ ತಲೆಯೆತ್ತಿದರೆ ಅದೇ ಕಾಣಬೇಕು.

೧೯೨೮ರ ಆ ಜೂನ್ ಶನಿವಾರ ಅರ್ಧ ದಿನದ ಕೆಲಸ. ಜೋನಸನ ತಲೆ ಲಾರಿಯಲ್ಲಿರಲಿಲ್ಲ, ಆಕಾಶದಲ್ಲಿತ್ತು. ಆಗ ಅವನಿಗೆ ಪಾರಿವಾಳದ ಪಂದ್ಯದ ಹುಚ್ಚು. ಬೆಳಗ್ಗೆ ಫ್ರಾನ್ಸಿನಲ್ಲಿ ಹಾರಿಬಿಟ್ಟ ಹಕ್ಕಿಗಳಲ್ಲಿ ಇವನ ನೀಲಿ ಹೆಣ್ಣು ಬೆಸ್ಸಿಯೂ ಇದ್ದಳು, ಒಂದು ಗಂಟೆಯ ಸುಮಾರಿಗೆ ಗೂಡಿಗೆ ಬರಬೇಕು. ಬಂದ ಹಕ್ಕಿಯ ಕಾಲಿನ ಉಂಗುರ ತೆಗೆದು ಗಡಿಯಾರದ ಪೆಟ್ಟಿಗೆಗೆ ಹಾಕುವವರೆಗೆ ಬಂದದ್ದು ಲೆಕ್ಕಕ್ಕಿಲ್ಲ. ಐವಿಗೆ ಹಕ್ಕಿ ಮುಟ್ಟಲು ಭಯ. ಗುಡ್ಡ ಹತ್ತಿ, ಟಗರಿನ ಬೋರ್ಡಿನ ಪಬ್ಬಿನ ಮುಂದೆ ಎಂದಿನಂತೆ ಲಾರಿ ನಿಂತಿತು. ಅಲ್ಲಿಂದಾಚೆ ಊರಿಗೆ ಕಡಿದಾದ ಇಳಿಜಾರು.

"ಪಂಪಿನ ಸದ್ದು ಸರಿಯಿಲ್ಲ ಕಣೋ" ಎಂದಿದ್ದ ಟೈಟಸ್. "ಮೇಲಿನ ಹಳ್ಳದಲ್ಲಿ ಕೆಸರು ಕುಡಿದಿರ್ಬೇಕು. ಗಾಜು ಊದಿ ನೋಡೋಣ."

"ತುಂಬಿದೆ, ಕಾಣಲ್ವಾ? ಪಳಪಳ ಅಂತಿದೆ."

"ಒಂದ್ಸಲ ಊದ್ಬಿಡೋಣ ಜೋನಸ್."

"ತುಂಬಿದೆ ಅಂದ್ನಲ್ಲ! ನಿನ್ನ ಶಾಸ್ತ್ರ ಮುಗಿಯೋ ಹೊತ್ತಿಗೆ ನನ್ನ ಬೆಸ್ಸಿ ಮುದುಕಿ ಆಗ್ತಾಳೆ. ಹೊರಡು."

ಡ್ರೈವರನ ಮಾತೇ ಕೊನೆ. ಹೊರಟರು. ಅರ್ಧ ಇಳಿಜಾರಿನಲ್ಲಿ ಒಳಗೆ ಏನೋ ಬುಸ್ಸೆಂದಿತು. ಏನೆಂದು ನೋಡಲು ಟೈಟಸ್ ಬೆಂಕಿಬಾಗಿಲು ತೆರೆದ. ಕುದಿಯುವ ಉಗಿ ಅವನನ್ನು ಎತ್ತಿ ಹೊರಗೆ ಎಸೆಯಿತು, ತಲೆ ಕಲ್ಲಿಗೆ ಬಡಿಯಿತು. ಜೋನಸ್ ಬಿಳಿ ಉಗಿಯಲ್ಲಿ ಕಣ್ಣು ಕಾಣದೆ, ಕೈಬ್ರೇಕಿಗೆ ಜೋತುಬಿದ್ದು, ಎಂಟು ಟನ್ ಹತ್ತಿಯನ್ನು ಚರ್ಚಿನ ಗೋಡೆಗೆ ಉಜ್ಜುತ್ತಾ ಉಜ್ಜುತ್ತಾ ತಂದು ಕೂಡುರಸ್ತೆಯ ಹತ್ತಡಿ ಈಚೆ ನಿಲ್ಲಿಸಿದ. ಆಗಷ್ಟೇ ಗಿರಣಿ ಬಿಟ್ಟು ನೂರಾರು ಹೆಣ್ಣುಮಕ್ಕಳು ಅಲ್ಲಿ ದಾಟುತ್ತಿದ್ದರು. ಇದು ಸುಳ್ಳಲ್ಲ. ಪತ್ರಿಕೆಯಲ್ಲಿ ಬಂತು. ಅವತ್ತಿನಿಂದ ಊರಿನ ಯಾವ ಪಬ್ಬಿನಲ್ಲೂ ಜೋನಸ್ ತನ್ನ ಬಿಯರು ತಾನೇ ಕೊಂಡು ಕುಡಿದದ್ದಿಲ್ಲ.

ಬೆಸ್ಸಿ ಒಂದಕ್ಕೆ ಐದು ನಿಮಿಷವಿರುವಾಗಲೇ ಬಂದು ಮಾಡಿನ ಮೇಲೆ ಕೂತಿದ್ದಳಂತೆ. ಇಡೀ ಕಣಿವೆಗೇ ಮೊದಲು. ಉಂಗುರ ತೆಗೆಯುವವರು ಇರಲಿಲ್ಲ.

ಸಂಜೆ ಮೇಸ್ತ್ರಿ ಕೇಳಿದ: "ಮೇಲ್ಗಡೆ ಗಾಜು ನೋಡಿದ್ದು ಯಾರು?" ಟೈಟಸ್ ನಾಳೆಯ ಬೆಳಕು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಸಾಯುವವನಿಗೆ ಹೆಸರೇನು, ಮಾನವೇನು ಎಂದುಕೊಂಡ ಜೋನಸ್. "ಟೈಟಸ್" ಎಂದ. ಹೇಡಿತನಕ್ಕೆ ಅಂಥ ಹೊತ್ತಿನಲ್ಲಿ ಬುದ್ಧಿ ಬಹಳ ಚುರುಕಾಗಿ ಓಡುತ್ತದೆ. ಆದರೆ ಟೈಟಸ್ ಸಾಯಲಿಲ್ಲ.

ಆರನೇ ವಾರ ಜೋನಸ್ ದ್ರಾಕ್ಷಿ ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ, ಬ್ಯಾಂಡೇಜಿನ ಸಂದಿಯಿಂದ ಒಂದು ಕಣ್ಣು ಇವನನ್ನು ನೋಡಿತು. "ನಂಗೆ ಪಬ್ಬಿನ ಹತ್ರ ನಿಂತಿದ್ದೂ ನೆನಪಿಲ್ಲ ಕಣೋ. ಗಾಜು ನೋಡಿ ತುಂಬಿದೆ ಅಂದಿದ್ದು ನಾನೇ ಅಂತೆ?"

"ಹೂಂ" ಎಂದ ಜೋನಸ್.

ಅಷ್ಟೇ, ಒಂದು ಹೂಂ. ಟೈಟಸ್ ಬಟ್ಟೆ ಸುತ್ತಿದ ಕೈಯಿಂದ ಇವನ ಕೈ ಹಿಡಿದು, ನಿನ್ನನ್ನು ಕೊಂದೇಬಿಡುತ್ತಿದ್ದೆನಲ್ಲೋ, ಆ ಹೆಣ್ಣುಮಕ್ಕಳನ್ನೆಲ್ಲ ಕೊಂದುಬಿಡುತ್ತಿದ್ದೆನಲ್ಲೋ ಎಂದು ಅತ್ತ. ಅಳುತ್ತಿರುವವನ ಕೈ ಬಿಡಿಸಿಕೊಂಡು, ಇಲ್ಲಪ್ಪ, ನಾನು ಸುಳ್ಳು ಹೇಳಿದೆ ಎನ್ನುವುದು ಅವತ್ತಿಗೆ ಕಷ್ಟವಾಯಿತು. ಮರುವಾರ ಇನ್ನೂ ಕಷ್ಟವಾಯಿತು. ಜೀವ ಉಳಿಸಿದವನಿಗೆಂದು ಮೊದಲ ಪೈ ಬಂದ ಮೇಲಂತೂ ದಾರಿಯೇ ಮುಚ್ಚಿಹೋಯಿತು.

ಟೈಟಸ್ ಮತ್ತೆ ಲಾರಿ ಹತ್ತಲಿಲ್ಲ. ಗಿರಣಿಯಲ್ಲಿ ಮಗ್ಗಗಳ ಮೇಲ್ವಿಚಾರಣೆಗೆ ಕರೆದರು. ಬೇಡವೆಂದು ಮೂವತ್ತು ವರ್ಷ ನೆಲ ಗುಡಿಸಿದ. ಸಹಕಾರಿ ಅಂಗಡಿಯ ಹನ್ನಾ ಅವನಿಗಾಗಿ ಎರಡು ವರ್ಷ ಕಾದಳು. "ಮನೆ ಮಕ್ಕಳು ಅಂದ್ರೆ ದಿನಾ ನೂರು ವಿಷ್ಯ ನೋಡ್ಕೋಬೇಕು. ತುಂಬಿದ್ದು ಯಾವ್ದು ಖಾಲಿ ಯಾವ್ದು ತಿಳೀದವ್ನು ನಾನು" ಎಂದು ಅವಳನ್ನು ಕಳಿಸಿಕೊಟ್ಟ. ಅವಳು ಬರಿ ಎಂಬ ಊರಿನ ಟ್ರಾಮ್ ಕಂಡಕ್ಟರನನ್ನು ಮದುವೆಯಾದಳು. ಈ ವಿಷಯವನ್ನೂ ಟೈಟಸ್ ಬಂದು ಹೇಳಿದ್ದು ಜೋನಸನಿಗೇ. ಬೇರೆ ಯಾರಿಗೆ ಹೇಳುತ್ತಾನೆ? ಹತ್ತಿರದವನೆಂದರೆ ಇವನೇ ತಾನೆ.

ಎರಡು ಮನೆಗೂ ನಡುವಿನ ಗೋಡೆ ಒಂದೇ, ಒಂದು ಇಟ್ಟಿಗೆಯ ದಪ್ಪ. ರಾತ್ರಿ ಒಂಬತ್ತಕ್ಕೆ ಮಲಗುವ ಮುಂಚೆ ಟೈಟಸ್ ಗ್ಯಾಸಿನ ತಿರುಪು ಮುಚ್ಚುತ್ತಾನೆ. ಮುಚ್ಚಿದ್ದನ್ನು ತೆರೆದು ಮತ್ತೆ ಮುಚ್ಚುತ್ತಾನೆ. ಕಿರ್, ಕಿರ್, ನಾಲ್ಕು ಸಲ. ಆಮೇಲೆ ಗೋಡೆಗೆ ಮೂರು ಏಟು: ಬಂದು ನೋಡಿ ಹೋಗು. ಜೋನಸ್ ಕೋಲೂರಿಕೊಂಡು ಹೋಗಿ, ಮುಚ್ಚಿದೆ ಎಂದರೆ ಮಾತ್ರ ಟೈಟಸ್ ಮೆಟ್ಟಿಲು ಹತ್ತುತ್ತಾನೆ. ಜೈಲಿನಲ್ಲಾದರೂ ಇಂತಿಷ್ಟು ವರ್ಷ ಎಂದು ಹೇಳಿ ಒಳಗೆ ಹಾಕುತ್ತಾರೆ.

ಮೆರವಣಿಗೆಯ ಹಿಂದಿನ ದಿನ, ಗುರುವಾರ, ಏಟು ಬಿದ್ದಾಗ ಜೋನಸ್ ಗಟ್ಟಿ ಮನಸ್ಸು ಮಾಡಿಕೊಂಡೇ ಎದ್ದ. ಟೈಟಸ್ ಕೈ ಹಿಂದೆ ಕಟ್ಟಿಕೊಂಡು ಒಲೆಯಿಂದ ದೂರ ನಿಂತಿದ್ದ.

"ಟೈಟಸ್, ಅವತ್ತು ಪಬ್ಬಿನ ಹತ್ರ ಗಾಜು—"

"ಗೊತ್ತು ಕಣೋ, ಅದೇ ಯೋಚ್ನೆ ನಿಂಗೆ" ಎಂದು ಟೈಟಸ್ ಅಲ್ಲೇ ತಡೆದ. "ಹೆದರ್ಬೇಡ. ನಾನು ಗಾಡಿ ಹತ್ರಾನೂ ಸುಳಿಯಲ್ಲ. ಪಬ್ಬಿನ ಮೆಟ್ಟಿಲ ಮೇಲೆ ನಿಂತು ನೋಡ್ತೀನಿ. ನಿನ್ನ ದಿನ ಅದು, ಮತ್ತೆ ಹಾಳು ಮಾಡಲ್ಲ. ತಿರುಪು ಮುಚ್ಚಿದ್ಯಾ ನೋಡು."

"ಮುಚ್ಚಿದೆ" ಎಂದು ಜೋನಸ್ ವಾಪಸು ಬಂದ.

ಶುಕ್ರವಾರ ಮೋಡವಿರಲಿಲ್ಲ. ಮೂರು ಜನ ಸೇರಿ ಜೋನಸನನ್ನು ಎತ್ತಿ ಡ್ರೈವರನ ಸೀಟಿನಲ್ಲಿ ಕೂರಿಸಿದರು. ಏಳನೇ ನಂಬರು ಹೊಸ ಹಸಿರು ಬಣ್ಣದಲ್ಲಿ ಮದುಮಗಳ ಹಾಗೆ ನಿಂತಿತ್ತು. ಬಿಸಿ ಎಣ್ಣೆ, ಕಲ್ಲಿದ್ದಿಲು, ಒದ್ದೆ ಉಗಿ, ಆ ವಾಸನೆ ಮೂಗಿಗೆ ಬಡಿದ ಕೂಡಲೇ ಮುದುಕನ ಕಣ್ಣು ತುಂಬಿತು. ಸ್ಟೀರಿಂಗ್ ಚಕ್ರ ಹಿಡಿದದ್ದೇ ತಡ, ಕೈಗೆ ಎಲ್ಲ ನೆನಪಾಯಿತು. ಪಕ್ಕದಲ್ಲಿ ಫೈರ್‌ಮನ್ ಆಗಿ ಡಕ್‌ವರ್ತ್ ಮೇಷ್ಟ್ರು, ಮಡಿಕೆ ಮುರಿಯದ ನೀಲಿ ಅಂಗಿಯಲ್ಲಿ, ಮೂಗಿನ ಮೇಲೆ ಆಗಲೇ ಮಸಿ. ಬೆನ್ನ ಹಿಂದೆ ಮೊಳೆಗೆ ಆ ಹಲಗೆ. ಲಾರಿ ಅಲುಗಿದಾಗಲೆಲ್ಲ ಬಿರಡೆ ಟಕ್ ಟಕ್ ಎಂದು ಅವನ ಹೆಗಲಿಗೇ ಬಡಿಯುತ್ತಿತ್ತು.

ಹಿಂದೆ ಬ್ಯಾಂಡು, ಅದರ ಹಿಂದೆ ಬಾವುಟ ಹೊತ್ತವರು, ಅವರ ಹಿಂದೆ ಬಿಳಿ ಬಟ್ಟೆ ತೊಟ್ಟ ಮಕ್ಕಳ ಸಾಲು. ಗುಡ್ಡದ ರಸ್ತೆ ಹತ್ತುವಾಗ ಎರಡೂ ಬದಿಯ ಜನ ಕೂಗಿದರು: "ಜೋನಸ್! ಚರ್ಚಿನ ಗೋಡೆ ಇನ್ನೊಂದ್ಸಲ ಕೆರೀಬೇಡಪ್ಪೋ!" ಎಲ್ಲರಿಗೂ ನಗು. ಜೋನಸ್ ಕೈಬೀಸಿದ. ಇಳಿಯುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಹಿಂದೆ ಇಡೀ ಊರು, ಮುಂದೆ ಅದೇ ಇಳಿಜಾರು.

ಪಬ್ಬಿನ ಮುಂದೆ ರಸ್ತೆ ಮಟ್ಟವಾಯಿತು. ಮೆಟ್ಟಿಲ ಮೇಲೆ ಟೈಟಸ್ ಭಾನುವಾರದ ಕೋಟು ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಜೋನಸ್ ಗಾಜಿನ ಕಡೆ ನೋಡಿದ. ಹತ್ತಿರದ್ದು ಅವನಿಗೆ ಮಂಜು. ಗೆರೆಯಂತೂ ಇರಲಿಲ್ಲ, ಬರೀ ಹೊಳಪು.

"ಮೇಷ್ಟ್ರೇ, ನೀರು?"

"ತುಂಬಿದೆ!" ಎಂದರು ಮೇಷ್ಟ್ರು ಖುಷಿಯಿಂದ. "ಪಳಪಳ ಅಂತಿದೆ ನೋಡಿ. ಹೊರಡಿ, ಹೊರಡಿ."

ಜೋನಸನ ಕೈ ತಾನಾಗಿ ಉಗಿಯ ಹಿಡಿ ಎಳೆದು ಮುಚ್ಚಿತು. ಬ್ರೇಕು ತಿರುಗಿಸಿದ. ಲಾರಿ ಗಕ್ಕನೆ ನಿಂತಿತು. ಹಿಂದಿನ ಬ್ಯಾಂಡಿನವರು ಒಬ್ಬರ ಮೇಲೊಬ್ಬರು ಬಿದ್ದು, ಹಾಡು ನಡುವಿನಲ್ಲೇ ಕತ್ತರಿಸಿಹೋಯಿತು.

"ಏನಾಯ್ತು ಗ್ರಿಮ್‌ಶಾ ಅವರೇ?"

ಜೋನಸ್ ಹೊರಗೆ ಬಾಗಿ ಕೂಗಿದ. "ಟೈಟಸ್! ಬಾ ಇಲ್ಲಿ. ಬಂದು ಗಾಜು ಊದು."

ಟೈಟಸ್ ಒಂದು ಮೆಟ್ಟಿಲು ಹಿಂದೆ ಸರಿದ. "ತಮಾಷೆ ಮಾಡ್ಬೇಡ ಕಣೋ. ಮಕ್ಕಳಿದ್ದಾರೆ."

"ಅದಕ್ಕೇ ಕರೀತಿರೋದು. ನನ್ನ ಕ‌ಣ್ಣಿಗೆ ಕಾಣ್ತಿಲ್ಲ. ನಿನ್ನಷ್ಟು ತಿಳಿದವ್ರು ಇಲ್ಲಿ ಯಾರಿದ್ದಾರೆ?"

"ನನ್ನ ಹೆಸ್ರು ನಿನ್ನ ಬೆನ್ನ ಹಿಂದೇನೇ ತೂಗ್ತಿದೆ, ಓದ್ಕೋ. ಮೇಷ್ಟ್ರ ಕೈಲಿ ಊದ್ಸು. ನನ್ನ ಕರೀಬೇಡ, ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಆ ಸುಟ್ಟ ಎರಡು ಕೈ ಊರಿನೆದುರಿಗೆ ಜೋಡಿಸಿದ್ದನ್ನು ಕಂಡು ಜೋನಸನಿಗೆ ಇನ್ನು ತಡೆಯಲಾಗಲಿಲ್ಲ. ಹಿಂದೆ ಕೈ ಚಾಚಿ ಹಲಗೆಯನ್ನು ಮೊಳೆಯಿಂದ ಕಿತ್ತು ಮೇಲೆತ್ತಿ ಹಿಡಿದ.

"ಇದು ನಿಂದಲ್ಲ. ನಂದು."

ಪಾದ್ರಿಗಳು ಮುಂದೆ ಬಂದವರು ಅಲ್ಲೇ ನಿಂತರು.

"ಅವತ್ತು ನೀನು ಇಲ್ಲೇ, ಇದೇ ಜಾಗದಲ್ಲಿ, ಊದಿ ನೋಡೋಣ ಅಂದೆ. ನಾನು ತುಂಬಿದೆ ಅಂದೆ. ಪಾರಿವಾಳ ಬರುತ್ತೆ ಅಂತ ಅವಸರ ನಂಗೆ. ನೀನು ಬದುಕಲ್ಲ ಅಂದ್ರು, ಮೇಸ್ತ್ರಿ ಕೇಳ್ದಾಗ ನಿನ್ನ ಹೆಸ್ರು ಹೇಳ್ಬಿಟ್ಟೆ. ನೀನು ಬದುಕ್ದೆ. ಆಮೇಲೆ ಹೇಳೋಕಾಗ್ಲಿಲ್ಲ."

ಟೈಟಸ್ ಟೋಪಿಯನ್ನು ತಲೆಗೆ ಹಾಕಿಕೊಂಡ. ಮೆಟ್ಟಿಲಿಳಿದು, ಕಲ್ಲು ನೋಡಿ ನೋಡಿ ಹೆಜ್ಜೆಯಿಡುತ್ತಾ ಲಾರಿಯ ಪಕ್ಕಕ್ಕೆ ಬಂದ.

"ಊದಿ ನೋಡೋಣ ಅಂದ್ನಾ ನಾನು?"

"ಎರಡು ಸಲ ಅಂದೆ."

"ಎರಡು ಸಲಾನಾ?"

"ಎರಡು ಸಲ. ಪಂಪು ಕೆಸರು ಕುಡಿದಿದೆ, ಸದ್ದು ಸರಿಯಿಲ್ಲ ಅಂತಾನೂ ಅಂದೆ."

"ಸದ್ದು" ಎಂದ ಟೈಟಸ್. ಆಮೇಲೆ ಹಿಡಿಕಂಬಿ ಹಿಡಿದು, ಅರವತ್ತೆಂಟರ ಮುದುಕ ಯಾರ ಸಹಾಯವೂ ಇಲ್ಲದೆ ಮೇಲೆ ಹತ್ತಿದ. ಮೇಷ್ಟ್ರು ಗೋಡೆಗಂಟಿ ಜಾಗ ಬಿಟ್ಟರು. ಟೈಟಸ್ ಜೋನಸನ ಕಡೆ ನೋಡಲೇ ಇಲ್ಲ. ಕಿವಿ ಬಾಯ್ಲರಿನ ಕಡೆ ವಾಲಿಸಿ, ಕೆಳಗಿನ ತಿರುಪು ತೆರೆದ. ಬುಸ್ ಎಂದು ಬಿಸಿನೀರು ಚಿಮ್ಮಿ ರಸ್ತೆಗೆ ಬಿತ್ತು. ಮುಚ್ಚಿದ. ಗಾಜಿನಲ್ಲಿ ನೀರು ಸರ್ರನೆ ಮೇಲೇರಿ, ತುದಿ ಮುಟ್ಟಿ, ಕಾಣದಾಯಿತು.

"ತುಂಬಿದೆ" ಎಂದ ಟೈಟಸ್. ಬ್ಯಾಂಡಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ: "ತುಂಬಿದೆ! ನಾನು ನೋಡಿದೀನಿ."

ಅಂದರೆ ಮೇಷ್ಟ್ರು ಹೇಳಿದ್ದೇ ಸರಿ. ಜೋನಸ್ ಲಾರಿ ನಿಲ್ಲಿಸಬೇಕಾದ ಅಗತ್ಯವೇ ಇರಲಿಲ್ಲ. ನಾನು ಆಗಲೇ ಹೇಳಿದೆನಲ್ಲ ಎನ್ನಲು ಮೇಷ್ಟ್ರ ಬಾಯಿ ತೆರೆಯಿತು, ಟೈಟಸನ ಮುಖ ಕಂಡು ಮುಚ್ಚಿಕೊಂಡಿತು.

"ಮೇಷ್ಟ್ರೇ, ನಿಮಗೆ ಚಕ್ರ ಹಿಡಿಯೋಕೆ ಬರುತ್ತೆ ತಾನೆ? ಶೆಡ್ಡಿಂದ ನೀವೇ ತಂದ್ರಿ."

"ಬರುತ್ತೆ."

"ಹಿಡೀರಿ. ಬೆಂಕಿ, ನೀರು ನಾನು ನೋಡ್ಕೋತೀನಿ." ಆಮೇಲೆ, ತಿರುಗದೆಯೇ, "ಜೋನಸ್, ಇಳಿ."

"ಟೈಟಸ್, ನಾನು—"

"ಹನ್ನಾ ಎರಡು ವರ್ಷ ಕಾದ್ಲು." ಅವನ ದನಿ ಏರಲಿಲ್ಲ. "ಮಕ್ಕಳ ಮುಂದೆ ನನ್ನ ಕೈಲಿ ಹೊಡೆಸ್ಕೋಬೇಡ. ಇಳಿ."

ಹತ್ತಿಸಿದ ಮೂರು ಜನರೇ ಇಳಿಸಿದರು. ಪಬ್ಬಿನವಳು ಒಂದು ಕುರ್ಚಿ ತಂದು ಮೆಟ್ಟಿಲ ಪಕ್ಕ ಹಾಕಿ ಒಳಗೆ ಹೋದಳು. ಬಿಯರು ಯಾರೂ ತರಲಿಲ್ಲ. ಏಳನೇ ನಂಬರು ಒಮ್ಮೆ ಉಸಿರುಬಿಟ್ಟು ಅಲುಗಿತು, ಬ್ಯಾಂಡು ಮೊದಲಿನಿಂದ ಹಾಡು ಹಿಡಿಯಿತು, ಮಕ್ಕಳು ಇಬ್ಬಿಬ್ಬರಾಗಿ ಕುರ್ಚಿಯ ಮುದುಕನನ್ನೂ ಅವನ ತೊಡೆಯ ಮೇಲಿನ ಹಲಗೆಯನ್ನೂ ನೋಡುತ್ತಾ ದಾಟಿದರು. ಜೋನಸ್ ಇಳಿಜಾರಿನ ಕೊನೆಯವರೆಗೂ ಲಾರಿಯ ಹಿಂಭಾಗವನ್ನೇ ನೋಡಿದ. ಒಳಗಿನಿಂದ ಒಂದು ಮಸಿ ಹಿಡಿದ ಕೋಟಿನ ತೋಳು ಹೊರಗೆ ಬಂದು ಜನರ ಕಡೆ ಬೀಸಿತು. ಲಾರಿ ಚರ್ಚಿನ ಗೋಡೆಗೆ ತಾಗದೆ, ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿ ಮರೆಯಾಯಿತು.

ಸಂಜೆ ಯಾರೋ ಮನೆಗೆ ತಂದು ಬಿಟ್ಟರು. ಬೂಟು ಬಿಚ್ಚದೆ ಜೋನಸ್ ನಡುವಿನ ಗೋಡೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಪಕ್ಕದ ಮನೆಯ ಬಾಗಿಲು ಎಂಟಕ್ಕೆ ತೆರೆಯಿತು. ನೀರು ಸುರಿಯುವ ಸದ್ದು, ಮೈಯ ಮಸಿ ತೊಳೆದುಕೊಳ್ಳುತ್ತಿದ್ದಾನೆ. ಸಣ್ಣಗೆ ಏನೋ ಗುನುಗುವುದೂ ಕೇಳಿಸಿತು. ಲಾರಿಯಲ್ಲಿ ಇಂಜಿನ್ನಿನ ಗದ್ದಲದ ಮೇಲೂ ಹಾಡುತ್ತಿದ್ದವನು, ಮೂವತ್ತಮೂರು ವರ್ಷದಲ್ಲಿ ಈ ಗೋಡೆಯಾಚೆ ಒಮ್ಮೆಯೂ ಹಾಡಿರಲಿಲ್ಲ.

ಒಂಬತ್ತು ಹೊಡೆಯಿತು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಜೋನಸ್ ಕೋಲು ಕೈಗೆ ತೆಗೆದುಕೊಂಡ.

ಕಿರ್. ತಿರುಪು ಮುಚ್ಚಿತು.

ಎರಡನೆಯದಕ್ಕೆ ಕಾದ. ಬರಲಿಲ್ಲ. ಗೋಡೆಗೆ ಬೀಳಬೇಕಾದ ಮೂರು ಏಟಿಗೆ ಕಾದ, ಕಿವಿ ಇಟ್ಟಿಗೆಗೆ ಒತ್ತಿ ಕಾದ. ಆಚೆ ಮರದ ಮೆಟ್ಟಿಲು ಒಂದೊಂದಾಗಿ ಸದ್ದು ಮಾಡಿತು, ಹದಿಮೂರು ಮೆಟ್ಟಿಲು, ಮೇಲಿನ ಬಾಗಿಲು ಮುಚ್ಚಿತು. ಟೈಟಸ್ ಮಲಗಿದ.

ಜೋನಸ್ ಕೋಲು ಹಿಡಿದುಕೊಂಡೇ ಕೂತಿದ್ದ. ನಾಳೆ ಶನಿವಾರ ಎಂಬುದು ಆಗ ನೆನಪಾಯಿತು.